ಕೊನೆಯ ತೂಬಿನ ಮನವಿ: ಭದ್ರಾ ಅಚ್ಚುಕಟ್ಟಿನ ಒಂದು ಹಳ್ಳಿಯ ಪ್ರಕರಣ

ಭದ್ರಾ ಜಲಾಶಯದ ಮಟ್ಟ ಇಂದು ಎಷ್ಟಿದೆ ಎಂದು ದಾವಣಗೆರೆ ಜಿಲ್ಲೆಯ ರೈತರು ಮಳೆಗಾಲದಲ್ಲಿ ದಿನವೂ ವಿಚಾರಿಸುತ್ತಾರೆ. ಲಕ್ಕವಳ್ಳಿ ಬಳಿಯ ಈ ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ತುಂಬಿದರೆ ಎರಡು ಬೆಳೆಗೆ ಧೈರ್ಯ ಬರುತ್ತದೆ. 2023ರಲ್ಲಿ ತುಂಬಲಿಲ್ಲ. ಮಲೆನಾಡಿನಲ್ಲೇ ಮಳೆ ಕೈಕೊಟ್ಟಿತ್ತು; ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆಗಸ್ಟ್ 10ರ ಹೊತ್ತಿಗೆ ನಾಲೆಗೆ ನೀರು ಬಿಟ್ಟಾಗ 100 ದಿನ ಹರಿಸುವ ಮಾತಿತ್ತು. ಅದನ್ನು ನಂಬಿ ಜನ ಸಸಿಮಡಿ ಹಾಕಿ ನಾಟಿ ಮಾಡಿದರು. ತಿಂಗಳು ಕಳೆಯುವಷ್ಟರಲ್ಲಿ ಕೆಲವು ದಿನ ಬಿಡುವುದು, ಕೆಲವು ದಿನ ನಿಲ್ಲಿಸುವುದು ಎಂಬ ಆಫ್ ಅಂಡ್ ಆನ್ ಪದ್ಧತಿಯ ತೀರ್ಮಾನ ಹೊರಬಿತ್ತು. ರೈತರು ಬೀದಿಗಿಳಿದರು, ದಾವಣಗೆರೆ ಬಂದ್ ಕೂಡ ನಡೆಯಿತು.

ಆ ದೊಡ್ಡ ಹೋರಾಟದ ಕಥೆಯನ್ನು ಪತ್ರಿಕೆಗಳು ಬರೆದಿವೆ. ಇಲ್ಲಿ ಹೇಳಹೊರಟಿರುವುದು ಅದೇ ದಿನಗಳಲ್ಲಿ ಬಲದಂಡೆ ನಾಲೆಯ ಕೊನೆ ಭಾಗದ ಒಂದು ಹಳ್ಳಿಯಲ್ಲಿ ನಡೆದದ್ದನ್ನು. ಆ ಊರಿನ ನೀರಿನ ಸಮಿತಿಯವರು ಮನವಿ ಪತ್ರದ ಭಾಷೆ ತಿದ್ದಿಕೊಡಲು ನನ್ನನ್ನು ಕರೆದಿದ್ದರು. ಹಾಗಾಗಿ ಮೊದಲ ಕರಡನ್ನೂ ಕಚೇರಿಗೆ ಹೋದ ಕೊನೆಯ ಪ್ರತಿಯನ್ನೂ, ನಡುವೆ ಆದ ಮಾತುಕತೆಗಳನ್ನೂ ಹತ್ತಿರದಿಂದ ಕಂಡಿದ್ದೇನೆ. ಊರಿನ ಹೆಸರನ್ನೂ ಜನರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅದೇ ನಾಲೆಯ ನೀರನ್ನು ನೆಚ್ಚಿ ಅವರೆಲ್ಲ ಇನ್ನೂ ಒಟ್ಟಿಗೆ ಬದುಕಬೇಕಾಗಿದೆ.

ಮೊದಲ ಕರಡು

ಸಮಿತಿಯಲ್ಲಿದ್ದವರೆಲ್ಲ ಜಮೀನು ಇದ್ದ ಗಂಡಸರು. ಅಧ್ಯಕ್ಷರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಕಾರ್ಯದರ್ಶಿ ಕೃಷಿ ಪದವಿ ಮುಗಿಸಿ ಊರಿಗೆ ಮರಳಿದ ಯುವಕ. ನಕ್ಷೆ, ಸರ್ವೆ ನಂಬರು, ಆದೇಶಗಳ ಪ್ರತಿ ಎಲ್ಲವನ್ನೂ ಒಂದು ಫೈಲಿನಲ್ಲಿ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದ. ಇಬ್ಬರೂ ಪ್ರಾಮಾಣಿಕರು. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಮುಂದಿನದ್ದನ್ನು ಓದಿ ಯಾರೂ ಇದನ್ನು ಕೆಟ್ಟವರ ಮತ್ತು ಒಳ್ಳೆಯವರ ಕಥೆ ಎಂದುಕೊಳ್ಳಬಾರದು.

ಕರಡಿನಲ್ಲಿ ಮೂರು ಬೇಡಿಕೆಗಳಿದ್ದವು. 100 ದಿನ ಮುಗಿಯುವವರೆಗೆ ಸತತವಾಗಿ ನೀರು ಹರಿಸಬೇಕು. ನಾಲೆಯ ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಹಾಕಿ ತೋಟಗಳಿಗೆ ನೀರೆತ್ತುವವರ ಹೆಸರಿನ ಪಟ್ಟಿ ಲಗತ್ತಿಸಿದ್ದು, ಬೆಸ್ಕಾಂ ಮೂಲಕ ಅವರ ವಿದ್ಯುತ್ ಕಡಿತಗೊಳಿಸಿ ಮೊಕದ್ದಮೆ ದಾಖಲಿಸಬೇಕು. ರಾತ್ರಿ ಕಾವಲಿಗೆ ಪೊಲೀಸರನ್ನು ನೇಮಿಸಬೇಕು. ಕೊನೆಯಲ್ಲಿ ‘ತಪ್ಪಿದಲ್ಲಿ ರಾಷ್ಟ್ರೀಯ ಹೆದ್ದಾರಿ ತಡೆದು ಉಗ್ರ ಹೋರಾಟ ನಡೆಸುವುದು ಅನಿವಾರ್ಯ’ ಎಂಬ ಸಾಲು.

ಓದಲು ಕರಡು ಗಟ್ಟಿಯಾಗಿಯೇ ಇತ್ತು. ರಾಜ್ಯ ರೈತ ಸಂಘ ಹುಟ್ಟಿದ 1980ರಿಂದ ಈ ಭಾಗದ ಹಳ್ಳಿಗಳು ಹಸಿರು ಶಾಲನ್ನು ಕಂಡಿವೆ. ಅಧಿಕಾರಿಯ ಮುಂದೆ ಎದೆಯೆತ್ತಿ ನಿಂತು ಕೇಳುವುದನ್ನು ಜನ ಚೆನ್ನಾಗಿ ಕಲಿತಿದ್ದಾರೆ. ಅದು ಸಣ್ಣ ಗಳಿಕೆಯಲ್ಲ. ಆದರೆ ‘ಗ್ರಾಮದ ಸಮಸ್ತ ರೈತರ ಪರವಾಗಿ’ ಎಂದು ಆರಂಭವಾಗುವ ಕಾಗದವನ್ನು ಬರೆಯುವ ಮುನ್ನ ಆ ಸಮಸ್ತರಲ್ಲಿ ಎಷ್ಟು ಜನರನ್ನು ಕೇಳಲಾಗಿದೆ ಎಂಬ ಪ್ರಶ್ನೆ ನಮ್ಮ ಬಹಳಷ್ಟು ಸಂಘಟನೆಗಳಲ್ಲಿ ಏಳುವುದೇ ಇಲ್ಲ. ಈ ಊರಿನಲ್ಲಿ ಅದು ಎದ್ದಿತು. ಎತ್ತಿದವರು ಅಧ್ಯಕ್ಷರೇ. ಸಹಿ ಸಂಗ್ರಹಕ್ಕೆ ದಲಿತ ಕೇರಿಗೆ ಹೋದಾಗ ಅವರ ಹಳೆಯ ಶಿಷ್ಯನೊಬ್ಬ ಕಾಗದವನ್ನು ಪೂರ್ತಿ ಓದಿ, ಸಹಿ ಹಾಕಿ, ಹಿಂದಿರುಗಿಸುವಾಗ ಇಷ್ಟೇ ಹೇಳಿದನಂತೆ: “ಸಹಿ ಹಾಕಿದ್ದೇನೆ ಮೇಷ್ಟ್ರೇ. ಆದರೆ ಇದರಲ್ಲಿ ನಮ್ಮ ಗದ್ದೆ ಇಲ್ಲ.”

ಬೇರೆ ಯಾರಾದರೂ ಆಗಿದ್ದರೆ ‘ನಿನ್ನ ಗದ್ದೆಗೂ ಸೇರಿಸಿಯೇ ಕೇಳುತ್ತಿರುವುದಲ್ಲವೇ’ ಎಂದು ಮುಂದಿನ ಮನೆಗೆ ನಡೆಯುತ್ತಿದ್ದರು. ಮೇಷ್ಟ್ರು ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಸಹಿ ಸಂಗ್ರಹ ಅಂದಿಗೆ ನಿಂತಿತು.

ಕೇಳುವುದಕ್ಕೂ ಹೊತ್ತು ಬೇಕು

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ಸಭೆ ಎಂದು ಡಂಗುರ ಹೊಡೆಸಲಾಯಿತು. ಬಂದವರು ಮತ್ತೆ ಅವರೇ, ಸಮಿತಿಯವರು ಮತ್ತು ಅವರ ಅಣ್ಣತಮ್ಮಂದಿರು. ಕೇರಿಯ ಹೆಂಗಸರು ಆ ಹೊತ್ತಿಗೆ ಟೆಂಪೊ ಹತ್ತಿ ಮೇಲಿನ ಊರುಗಳಿಗೆ ಅಡಿಕೆ ಸುಲಿಯಲು ಹೋಗಿದ್ದರು. ಗುತ್ತಿಗೆಗೆ ಗದ್ದೆ ಮಾಡುವವರು ತಮ್ಮ ಗದ್ದೆಯಲ್ಲಿ ಬಿರುಕು ಬಿಡುವ ಮುನ್ನ ಎಲ್ಲಿಂದಾದರೂ ನಾಲ್ಕು ಕೊಡ ನೀರು ತಿರುಗಿಸಬಹುದೇ ಎಂದು ಅಲೆಯುತ್ತಿದ್ದರು. ‘ಕರೆದೆವು, ಬರಲಿಲ್ಲ’ ಎಂದು ಒಬ್ಬ ಸದಸ್ಯರು ಷರಾ ಬರೆಯಲು ಹೊರಟರು. ಅಧ್ಯಕ್ಷರು ಬರೆಯಗೊಡಲಿಲ್ಲ.

ಎರಡನೆಯ ಸಭೆ ರಾತ್ರಿ ಊಟವಾದ ಮೇಲೆ, ಕೇರಿಯ ಗುಡಿ ಮುಂದೆ ನಡೆಯಿತು. ಕುರ್ಚಿ, ಮೈಕು ತರಲಿಲ್ಲ. ಸಮಿತಿಯವರು ನೆಲದ ಮೇಲೆ ಕುಳಿತರು. ಇಬ್ಬರು ಸದಸ್ಯರು ಮಾತ್ರ ಆಚೆ ಬೈಕಿನ ಮೇಲೆಯೇ ಉಳಿದರು. ಮೇಷ್ಟ್ರು ಒಂದು ನಿಯಮ ಹಾಕಿದರು: ಇವತ್ತು ಸಮಿತಿಯವರು ಪ್ರಶ್ನೆ ಕೇಳಬಹುದು, ಉತ್ತರ ಕೊಡುವಂತಿಲ್ಲ. ಯಾರು ಏನು ಹೇಳಿದರೂ ಕಾರ್ಯದರ್ಶಿ ಬರೆದುಕೊಂಡು, ಹೇಳಿದವರಿಗೇ ಓದಿ ತೋರಿಸಬೇಕು. “ಅವ್ವಾ, ನೀವು ಹೇಳಿದ್ದು ಹೀಗೇ ತಾನೆ?” ಎಂದು ಆ ಯುವಕ ಪ್ರತಿ ಸಲ ಕೇಳುತ್ತಿದ್ದ. ಹಲವು ಸಲ “ಹಾಗಲ್ಲಪ್ಪ” ಎಂಬ ಉತ್ತರ ಬಂತು, ಅವನು ಹೊಡೆದು ಹಾಕಿ ಮತ್ತೆ ಬರೆದ. ಈ ಒಂದು ಸಣ್ಣ ಕೆಲಸಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ತಲೆಯಾಡಿಸುತ್ತ ಕೂರುವುದು ಯಾರಿಂದಲೂ ಆಗುತ್ತದೆ. ತನ್ನ ಗ್ರಹಿಕೆ ತಪ್ಪಿರಬಹುದು ಎಂದು ಅನಕ್ಷರಸ್ಥ ಹೆಂಗಸಿನ ಮುಂದೆ ಪ್ರತಿ ಸಾಲಿಗೂ ಒಪ್ಪಿಕೊಳ್ಳುವುದು ಓದಿದವನಿಗೆ ಸುಲಭವಲ್ಲ.

ಸೌಡಿಯ ಲೆಕ್ಕ

ಮೊದಲು ಮಾತಾಡಿದವರು ನಾಲೆಯ ಮೇಲೆ ವರ್ಷಾನುಗಟ್ಟಲೆ ದಿನಗೂಲಿ ಸೌಡಿಯಾಗಿ ತೂಬು ಎತ್ತುವ, ಇಳಿಸುವ ಕೆಲಸ ಮಾಡಿದ್ದ ಅಜ್ಜ. ನೀರಿಲ್ಲದ ದಿನಗಳಲ್ಲಿ ಎಲ್ಲರಿಂದಲೂ ಬೈಸಿಕೊಂಡಿದ್ದ ಮನುಷ್ಯ. ಸಮಿತಿ ಹುಟ್ಟಿದಂದಿನಿಂದ ಅವರನ್ನು ಒಂದು ಮಾತೂ ಕೇಳಿರಲಿಲ್ಲ.

“ಹತ್ತು ದಿನ ನೀರು ಬಿಡುತ್ತಾರೆ ಎಂದಿಟ್ಟುಕೊಳ್ಳಿ ಯಜಮಾನರೇ,” ಎಂದು ಅವರು ಶುರುಮಾಡಿದರು. “ನಾಲೆ ಒಣಗಿದ್ದರೆ ಮೊದಲು ನಾಲೆಯೇ ಕುಡಿಯುತ್ತದೆ. ಆಮೇಲೆ ಮೇಲಿನ ತೂಬುಗಳು ಎಳೆಯುತ್ತವೆ. ನಮ್ಮ ಉಪನಾಲೆಯ ಬಾಯಿಗೆ ನೀರು ಬರುವಷ್ಟರಲ್ಲಿ ನಾಲ್ಕು ದಿನ ಹೋಗಿರುತ್ತದೆ. ಕೊನೆಯ ತೂಬಿನ ಹತ್ತಿರ ಮೊಣಕಾಲು ಮುಟ್ಟುವ ಹೊತ್ತಿಗೆ ಮೇಲೆ ಗೇಟು ಇಳಿಸುತ್ತಾರೆ. ಕಾಗದದಲ್ಲಿ ಎಲ್ಲರಿಗೂ ಹತ್ತು ದಿನ. ಕೇರಿಯವರ ಗದ್ದೆಗೆ ಎರಡು ದಿನ.”

ನೀರಾವರಿಯ ಪುಸ್ತಕಗಳಲ್ಲಿ ಇದೇ ವಿಷಯ ಬೇರೆ ಮಾತುಗಳಲ್ಲಿದೆ. ಒಣಗಿದ ಮಣ್ಣಿನ ಕಾಲುವೆ ಪ್ರತಿ ಸಲ ನೀರು ಬಿಟ್ಟಾಗ ಮೊದಲು ಇಂಗಿಸಿಕೊಳ್ಳುತ್ತದೆ, ತುಂಬಿಕೊಳ್ಳುತ್ತದೆ; ಈ ನಷ್ಟವೆಲ್ಲ ಸರದಿಯ ಮೊದಲ ದಿನಗಳಲ್ಲಿ ಆಗುವುದರಿಂದ ಅದರ ಭಾರ ಕೊನೆಯವನ ತಲೆಯ ಮೇಲೆ ಬೀಳುತ್ತದೆ. ಎಷ್ಟು ಸಲ ನಿಲ್ಲಿಸಿ ಬಿಡುತ್ತಾರೋ ಅಷ್ಟು ಸಲ. ಕೃಷಿ ಪದವೀಧರನಾದ ಕಾರ್ಯದರ್ಶಿಗೆ ಈ ತತ್ವ ಗೊತ್ತಿತ್ತು. ತನ್ನ ಊರಿನ ನಾಲೆಯಲ್ಲಿ ಅದು ಎಷ್ಟು ದಿನದ ಲೆಕ್ಕ ಎಂಬುದು ಆ ಅಜ್ಜನಿಗೆ ಮಾತ್ರ ಗೊತ್ತಿತ್ತು.

ಅಜ್ಜ ಅಲ್ಲಿಗೇ ನಿಲ್ಲಲಿಲ್ಲ. ಮೇಲಿನವರು ಕದಿಯುವುದು ನಿಜ, ಆದರೆ ನಮ್ಮ ಊರಿನ ಗಡಿಯೊಳಗೇ ಉಪನಾಲೆಯ ದಂಡೆಯನ್ನು ಎರಡು ಕಡೆ ಒಡೆದು ಹೊಸ ಅಡಿಕೆ ಸಸಿಗಳಿಗೆ ನೀರು ತಿರುಗಿಸಿದ್ದಾರೆ ಎಂದರು. ಯಾರು ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬೈಕಿನ ಮೇಲೆ ಕುಳಿತಿದ್ದ ಇಬ್ಬರಲ್ಲಿ ಒಬ್ಬರು ಎದ್ದು ಹೋದರು. ಕೊನೆಯ ತೂಬಿನಿಂದಾಚೆಗಿನ ಹೊಲಗಾಲುವೆಯಲ್ಲಿ ಹೂಳು ಎಷ್ಟು ತುಂಬಿದೆಯೆಂದರೆ ನೀರು ಬಂದರೂ ಅರ್ಧ ದಾರಿಯಲ್ಲಿ ಹೊರಳಿಕೊಳ್ಳುತ್ತದೆ ಎಂದೂ ಸೇರಿಸಿದರು.

ನಾಟಿ ಮಾಡಿದವರ ಪಂಚಾಂಗ

ಹೆಂಗಸರು ಮೊದಲಿಗೆ ಬಾಯಿಬಿಡಲಿಲ್ಲ. ಕೇರಿಯ ನಾಟಿ ಗುಂಪನ್ನು ನಡೆಸುವ ಹಿರಿಯ ಹೆಂಗಸನ್ನು ಮೇಷ್ಟ್ರು, “ಅಕ್ಕಾ, ಈ ನೂರು ದಿನದ ಬೇಡಿಕೆಯ ಬಗ್ಗೆ ನಿಮಗೇನನ್ನಿಸುತ್ತದೆ?” ಎಂದು ಕೇಳಿದರು. ಆಕೆ ತಿರುಗಿ ಕೇಳಿದ್ದು: “ನೂರು ದಿನ ಯಾವಾಗ ಮುಗಿಯುತ್ತದೆ ಮೇಷ್ಟ್ರೇ?”

ಆಗಸ್ಟ್ ಹತ್ತರಿಂದ ಎಣಿಸಿದರೆ ನವೆಂಬರ್ ಹದಿನೆಂಟರ ಹೊತ್ತಿಗೆ, ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಎಂದು ಕಾರ್ಯದರ್ಶಿ ಹೇಳಿದ.

“ಹಾಗಾದರೆ ನಮ್ಮ ಗದ್ದೆ ಹೊಡೆಗೆ ಬರುವ ಹೊತ್ತಿಗೆ ನೀರು ಮುಗಿದಿರುತ್ತದೆ,” ಎಂದರು ಆಕೆ. ಹೊಡೆ ಎಂದರೆ ಭತ್ತದ ತೆನೆ ಇನ್ನೂ ಒಳಗೇ ಇದ್ದು ಹೊರಬರಲು ಸಿದ್ಧವಾಗುವ ಹಂತ.

ಮುಂದಿನ ಒಂದು ಗಂಟೆ ಆಕೆ ಮತ್ತು ಗುಂಪಿನ ಇತರರು ಊರಿನ ಗದ್ದೆಗಳನ್ನು ಒಂದೊಂದಾಗಿ ಹೇಳಿದರು. ಸರ್ವೆ ನಂಬರಿನಿಂದಲ್ಲ. ಹುಣಸೆಮರದ ಗದ್ದೆ ನಾಗರ ಪಂಚಮಿಯ ವಾರದಲ್ಲಿ ನಾಟಿಯಾಯಿತು, ಗುಡಿ ಹಿಂದಿನ ಗದ್ದೆ ಅದರ ಮರುವಾರ, ಗೌಡರ ಕೆಳಗಿನ ಮಡಿ ಮಳೆ ಬಂದ ದಿನ. ಕೇರಿಯ ತುಂಡು ಗದ್ದೆಗಳೆಲ್ಲ ಗೌರಿ ಗಣೇಶ ಹಬ್ಬ ಮುಗಿದ ಮೇಲೆ. ಇಡೀ ಊರಿಗೆ ನಾಟಿ ಮಾಡಿದ್ದು ಇದೇ ಕೈಗಳು; ತಾರೀಕು ಅವರ ಬೆನ್ನಿನಲ್ಲಿ ಉಳಿದಿತ್ತು. ಯಾವ ಕಚೇರಿಯಲ್ಲೂ, ಕಾರ್ಯದರ್ಶಿಯ ಫೈಲಿನಲ್ಲೂ ಈ ಮಾಹಿತಿ ಇರಲಿಲ್ಲ.

ಲೆಕ್ಕ ಮುಂದುವರಿದಂತೆ ವಿಷಯ ಬಿಚ್ಚಿಕೊಂಡಿತು. ಬೋರ್‌ವೆಲ್ ಇದ್ದವರು ನಾಲೆಗೆ ನೀರು ಬರುವ ಮೊದಲೇ ಸಸಿಮಡಿ ಹಾಕಿದ್ದರು. ಅವರ ಗದ್ದೆ ದಸರೆ ಕಳೆಯುತ್ತಲೇ ಹೊಡೆಗೆ ಬರುತ್ತದೆ, ದೀಪಾವಳಿಯ ಹೊತ್ತಿಗೆ ಕಾಳು ಕಟ್ಟಿ ಬಲಿಯತೊಡಗುತ್ತದೆ. ಆಮೇಲೆ ನೀರು ಬೇಡ, ಕೊಯ್ಲಿಗೆ ನೆಲ ಆರಬೇಕು. ಕೇರಿಯವರಿಗೆ ಬೋರ್‌ವೆಲ್ ಇಲ್ಲ, ನಾಲೆಯ ನೀರು ಕಂಡ ಮೇಲೆಯೇ ಬೀಜ ಚೆಲ್ಲಬೇಕು. ಸಸಿ ಸಿದ್ಧವಾದಾಗಲೂ ಊರಿನ ಎಲ್ಲರ ನಾಟಿ ಮುಗಿಸಿ ಕೂಲಿ ಪಡೆದ ಮೇಲೆಯೇ ತಮ್ಮ ಗದ್ದೆಗೆ ಇಳಿಯಬೇಕು. ಹೀಗೆ ಊರಿನ ಕೊನೆಯ ನಾಟಿಯೂ ನಾಲೆಯ ಕೊನೆಯ ತೂಬೂ ಒಂದೇ ಜನರ ಪಾಲಿಗೆ ಬಂದಿದ್ದವು. ಭತ್ತ ಹೊಡೆಯಲ್ಲಿದ್ದಾಗ, ಹೂ ಬಿಡುವಾಗ ನೀರು ತಪ್ಪಿದರೆ ತೆನೆ ಎದ್ದು ನಿಲ್ಲುತ್ತದೆ, ಒಳಗೆ ಜಳ್ಳು. ಆ ಮೊದಲು ನಾಲ್ಕು ದಿನ ಸೊರಗಿದರೂ ಬೆಳೆ ಚೇತರಿಸಿಕೊಳ್ಳುತ್ತದೆ.

ಅಂದರೆ ಸಮಿತಿ ಇಡೀ ಊರಿನ ಹೆಸರಿನಲ್ಲಿ ಬರೆದ ಮೊದಲ ಬೇಡಿಕೆ, ಈಡೇರಿದ್ದರೂ, ಹೆಚ್ಚು ತೊಂದರೆಯಲ್ಲಿದ್ದವರಿಗೆ ಬೇಕಾದ ಹೊತ್ತಿನಲ್ಲಿ ನೀರು ಕೊಡುತ್ತಿರಲಿಲ್ಲ. ಹೆಂಗಸರು ಕೇಳಿದ್ದು ಹೆಚ್ಚು ದಿನದ ನೀರನ್ನಲ್ಲ. ಈಗಿನ ಒಂದು ಸರದಿಯಲ್ಲಿ ಉಪನಾಲೆಯ ಮೇಲಿನವರು ಸ್ವಲ್ಪ ಕಡಿಮೆ ಎಳೆದುಕೊಳ್ಳಲಿ, ದೀಪಾವಳಿಯ ವಾರದ ಸರದಿ ಪೂರ್ತಿ ಕೊನೆಯ ತೂಬಿಗೆ ಹೋಗಲಿ ಎಂದು.

ಇದು ಸಿಹಿ ಮಾತಿನಲ್ಲಿ ಮುಗಿಯುವ ವಿಷಯವಾಗಿರಲಿಲ್ಲ. ಒಬ್ಬ ದೊಡ್ಡ ರೈತರು ನಿಯಮ ಮುರಿದು ಎದ್ದು ನಿಂತರು: “ನೀರಿಗಾಗಿ ಬೀದಿಗಿಳಿದವರು ನಾವು. ನಮ್ಮ ಪಾಲನ್ನೇ ಬಿಟ್ಟುಕೊಡಬೇಕೆ?” ಅದಕ್ಕೆ ಆ ಹಿರಿಯ ಹೆಂಗಸು ದನಿಯೇರಿಸದೆ, “ನಿಮ್ಮ ಗದ್ದೆ ಮೊದಲು ಹಸಿರಾಗಲಿ ಎಂದು ನಮ್ಮದನ್ನು ಕೊನೆಗಿಟ್ಟವರು ನಾವಲ್ಲವೇ ಗೌಡರೇ?” ಎಂದರು. ಸಂಘಟನೆಯಲ್ಲಿ ಬೇರೆಯವರ ಮಾತು ಕೇಳುವುದು ಏಕೆ ಕಷ್ಟ ಎಂಬುದಕ್ಕೆ ಉತ್ತರ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಪೂರ್ತಿ ಕೇಳಿಸಿಕೊಂಡರೆ ಒಮ್ಮೊಮ್ಮೆ ಕೈಯಲ್ಲಿದ್ದುದನ್ನು ಕೊಡಬೇಕಾಗುತ್ತದೆ. ವಿನಯವನ್ನು ಮಾತಿನ ಧಾಟಿ ಎಂದುಕೊಂಡವರು ಈ ಹಂತದಲ್ಲಿ ಸಭೆ ಮುಗಿಸಿ ಚಹಾ ತರಿಸುತ್ತಾರೆ. ಮೇಷ್ಟ್ರು ಹಾಗೆ ಮಾಡಲಿಲ್ಲ. ಆ ರೈತರ ಮಾತನ್ನೂ ಬರೆಸಿ, ಅವರಿಗೂ ಓದಿ ತೋರಿಸಿ, ತೀರ್ಮಾನವನ್ನು ಮತ್ತೊಂದು ರಾತ್ರಿಗೆ ಇಟ್ಟರು. ಆ ರಾತ್ರಿ ತೀರ್ಮಾನ ಒಮ್ಮತದಿಂದ ಆಗಲಿಲ್ಲ. ಬಹುಮತದಿಂದ ಆಯಿತು, ಸಮಿತಿಯಿಂದ ಇಬ್ಬರು ಹೊರನಡೆದರು.

ಪಟ್ಟಿ ಹರಿದದ್ದು

ಪಂಪ್‌ಸೆಟ್‌ಗಳ ವಿಷಯ ಇನ್ನೂ ಸೂಕ್ಷ್ಮ. ಮೇಲಿನ ಊರುಗಳ ತೋಟಗಳಿಗೆ ದಿನವೂ ಕೆಲಸಕ್ಕೆ ಹೋಗುವ ಹೆಂಗಸರಿಗೆ ಯಾವ ಪಂಪು ಎಲ್ಲಿದೆ, ತ್ರೀಫೇಸ್ ಕರೆಂಟು ಬರುವ ಯಾವ ಹೊತ್ತಿಗೆ ಓಡುತ್ತದೆ, ಯಾರದು ಡೀಸೆಲ್ ಎಂಜಿನ್ನು ಎಂಬುದೆಲ್ಲ ಗೊತ್ತಿತ್ತು. ಕಾರ್ಯದರ್ಶಿಯ ಕಣ್ಣು ಅರಳಿತು. ಅವನ ಪಟ್ಟಿಗೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಇನ್ನೆಲ್ಲಿ ಸಿಕ್ಕೀತು? ಆದರೆ ಅವರು ಹೇಳಿದ್ದು ಬರೆದುಕೊಳ್ಳಲಿ ಎಂದಲ್ಲ. “ನಾಳೆ ಅವರ ಕರೆಂಟು ಕಿತ್ತರೆ ನಾಳಿದ್ದು ಟೆಂಪೊ ನಮ್ಮ ಕೇರಿಗೆ ಬರುವುದಿಲ್ಲ. ನೀರೂ ಹೋಯಿತು, ಕೂಲಿಯೂ ಹೋಯಿತು.”

ಅಕ್ರಮ ಅಕ್ರಮವೇ, ನಾಲೆಯಿಂದ ಅನುಮತಿಯಿಲ್ಲದೆ ನೀರೆತ್ತುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಅಪರಾಧ. ಕೊನೆ ಭಾಗದ ರೈತರು ಈ ಕಳ್ಳತನದಿಂದ ಪಟ್ಟ ಪಾಡು ಕಡಿಮೆಯಲ್ಲ, ಅದರ ವಿರುದ್ಧ ದನಿಯೆತ್ತಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಬ್ಬರು ನಂಬಿ ಹೇಳಿದ್ದನ್ನು ಅವರಿಗೇ ತಿರುಗಿ ಬಡಿಯುವ ಹಾಗೆ ಬಳಸಿದ ಸಂಘಟನೆಗೆ ಮುಂದೆ ಯಾರೂ ಏನೂ ಹೇಳುವುದಿಲ್ಲ. ಪಟ್ಟಿಯನ್ನು ಅಲ್ಲೇ ಹರಿದರು. ಅಕ್ರಮ ಪಂಪ್‌ಸೆಟ್ ತೆರವಿನ ಬೇಡಿಕೆ ಮನವಿಯಲ್ಲಿ ಉಳಿಯಿತು, ಹೆಸರುಗಳು ಹೋದವು.

ಪಟ್ಟಿಯ ಬದಲು ಮೇಷ್ಟ್ರು ಮತ್ತು ಕಾರ್ಯದರ್ಶಿ ಮೇಲಿನ ಊರಿಗೆ ತಾವೇ ಹೋದರು. ಅಲ್ಲಿನವರು ಮೊದಲ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಎರಡನೆಯ ಸಲ ತೋಟಕ್ಕೆ ಕರೆದೊಯ್ದು ಬತ್ತಿದ ಬೋರ್‌ವೆಲ್‌ಗಳನ್ನು ತೋರಿಸಿದರು. ಮಕ್ಕಳಂತೆ ಸಾಕಿದ ಮರ ಒಂದು ಬೇಸಿಗೆಯಲ್ಲಿ ಒಣಗಿದರೆ ಮತ್ತೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು, ಬ್ಯಾಂಕಿನ ಸಾಲ ಕಾಯುವುದಿಲ್ಲ ಎಂದರು. ಸಮಿತಿಯವರು ಅದನ್ನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ದೀಪಾವಳಿ ವಾರದ ಸರದಿ ಕೆಳಗೆ ಹರಿಯುವಾಗ ಪಂಪು ನಿಲ್ಲಿಸಬೇಕೆಂಬ ಒಂದೇ ಮಾತು ಇಟ್ಟರು. ಕೆಲವರು ಮಾತು ಕೊಟ್ಟರು, ಕೆಲವರು ನಕ್ಕು ಕಳುಹಿಸಿದರು.

ಕಚೇರಿಗೆ ಹೋದ ಪ್ರತಿ

ಕೊನೆಯ ಮನವಿ ಒಂದೂವರೆ ಪುಟ. ಜೊತೆಗೆ ಒಂದು ಕೋಷ್ಟಕ: ಯಾವ ತೂಬಿನ ಕೆಳಗೆ ಯಾವ ವಾರ ನಾಟಿಯಾಗಿದೆ, ಯಾವ ವಾರ ಹೊಡೆಗೆ ಬರುತ್ತದೆ. ಬೇಡಿಕೆಗಳು ಬದಲಾಗಿದ್ದವು. ಸರದಿಯ ದಿನಗಳನ್ನು ಕೊನೆಯ ತೂಬಿಗೆ ನೀರು ಮುಟ್ಟಿದ ದಿನದಿಂದ ಎಣಿಸಬೇಕು. ಉಪನಾಲೆಯೊಳಗೆ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸುವ ಕ್ರಮ ಬರಬೇಕು. ಸರದಿಯ ಪಟ್ಟಿಯನ್ನು ಬರಹದಲ್ಲಿ ಕೊಟ್ಟು ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಹೆದ್ದಾರಿ ತಡೆಯ ಸಾಲು ಬಿಟ್ಟುಹೋಗಿತ್ತು. ಅಂಜಿಕೆಯಿಂದಲ್ಲ, ಅಂದಿನ ಕೂಲಿ ಬಿಟ್ಟು ಕೇರಿಯವರು ಬರಲಾರರು ಎಂದು ಕೇಳಿ ತಿಳಿದದ್ದರಿಂದ.

ನೀರಾವರಿ ಉಪವಿಭಾಗದ ಕಚೇರಿಯಲ್ಲಿ ಮಾತಾಡಿದವರು ಮೇಷ್ಟ್ರಲ್ಲ. ಸೌಡಿ ಅಜ್ಜ ಮತ್ತು ನಾಟಿ ಗುಂಪಿನ ಹೆಂಗಸು ಮುಂದಿನ ಕುರ್ಚಿಯಲ್ಲಿ ಕುಳಿತರು, ಸಮಿತಿಯವರು ಹಿಂದೆ ನಿಂತರು. ಎಂಜಿನಿಯರ್ ಮೊದಲಿಗೆ ಮೇಷ್ಟ್ರ ಕಡೆಗೇ ನೋಡಿ ಉತ್ತರಿಸುತ್ತಿದ್ದರು. ನೀರು ಮುಟ್ಟುವ ದಿನಗಳ ಲೆಕ್ಕ ಬಂದಾಗ ಅಜ್ಜನ ಕಡೆ ತಿರುಗಿದರು, ಪ್ರಶ್ನೆ ಕೇಳತೊಡಗಿದರು, ಕೋಷ್ಟಕದ ಪ್ರತಿ ತೆಗೆಸಿಕೊಂಡರು. ‘ನೀರು ಬಿಡಿ’ ಎಂಬ ಕೂಗಿಗೆ ಅವರ ಬಳಿ ಸಿದ್ಧ ಉತ್ತರವಿತ್ತು: ಅದು ಮೇಲಿನ ತೀರ್ಮಾನ. ಈ ಕೋಷ್ಟಕಕ್ಕೆ ಸಿದ್ಧ ಉತ್ತರ ಇರಲಿಲ್ಲ, ಏಕೆಂದರೆ ಉಪನಾಲೆಯೊಳಗಿನ ಕ್ರಮ ಅವರ ಕೈಯಲ್ಲೇ ಇತ್ತು.

ಜಿಲ್ಲೆಯ ಸರದಿ ಬದಲಾಗಲಿಲ್ಲ. ದಿನಗಳ ಎಣಿಕೆಯ ಬೇಡಿಕೆಯನ್ನು ಮೇಲಕ್ಕೆ ಕಳುಹಿಸುತ್ತೇವೆ ಎಂದರು, ಅಷ್ಟೇ. ಕೆಳಗಿನಿಂದ ಮೇಲಕ್ಕೆ ಎಂಬ ಕ್ರಮ ಒಪ್ಪಿಗೆಯಾಯಿತು, ಪಟ್ಟಿ ಗೋಡೆಗೆ ಬಂತು. ದೀಪಾವಳಿ ವಾರದಲ್ಲಿ ಊರಿನ ಹುಡುಗರು ಪಾಳಿಯ ಮೇಲೆ ತೂಬು ಕಾದರು. ಮೇಲಿನ ಊರಿನ ಪಂಪುಗಳಲ್ಲಿ ಹಲವು ನಿಂತವು, ಹಲವು ಓಡಿದವು. ಕೇರಿಯ ಗದ್ದೆಗಳಲ್ಲಿ ತೂಬಿಗೆ ಹತ್ತಿರವಿದ್ದವು ಕಾಳು ಕಟ್ಟಿದವು. ಹೂಳು ತುಂಬಿದ ಹೊಲಗಾಲುವೆಯ ತುದಿಯವು ಜಳ್ಳಾದವು. ಅಲ್ಲಿನವರು ಬೆಳೆಯನ್ನು ದನಕ್ಕೆ ಮೇಯಿಸಿದರು. ಮೊದಲು ಸಹಿ ಹಾಕಿ ‘ನಮ್ಮ ಗದ್ದೆ ಇಲ್ಲ’ ಎಂದಿದ್ದವನ ಗದ್ದೆ ಅವುಗಳಲ್ಲೊಂದು.

ಅದಾದ ಮೇಲೆ

ಹೂಳಿನ ಮಾತು ಸೌಡಿ ಅಜ್ಜ ಮೊದಲ ರಾತ್ರಿಯೇ ಹೇಳಿದ್ದದ್ದು. ಸಮಿತಿ ಅದನ್ನು ಬರೆದುಕೊಂಡಿತ್ತು, ಆದರೆ ಮನವಿಯ ಗಡಿಬಿಡಿಯಲ್ಲಿ ಹಿಂದಕ್ಕೆ ಸರಿಸಿತ್ತು. ಕೇಳಿಸಿಕೊಂಡದ್ದನ್ನೆಲ್ಲ ಕೈಗೆತ್ತಿಕೊಂಡರು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ನಾಲೆ ಒಣಗಿದ್ದಾಗ ಹೆಂಗಸರೇ ಪಂಚಾಯಿತಿಗೆ ಹೋಗಿ ಉದ್ಯೋಗ ಖಾತರಿಯ ನಮೂನೆ 6ರಲ್ಲಿ ಅರ್ಜಿ ಕೊಟ್ಟು, ದಿನಾಂಕ ಹಾಕಿದ ರಸೀದಿ ಕೇಳಿ ಪಡೆದರು. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಕೆಲಸ ಕೊಡಬೇಕೆಂಬ ನಿಯಮವನ್ನು ಕಾರ್ಯದರ್ಶಿ ಅವರಿಗೆ ಓದಿ ಹೇಳಿದ್ದ. 2024ರ ಏಪ್ರಿಲಿನಿಂದ ದಿನಕ್ಕೆ 349 ರೂಪಾಯಿ ಆಗಿದ್ದ ಕೂಲಿಯಲ್ಲಿ ಅವರೇ ಹೊಲಗಾಲುವೆಯ ಹೂಳೆತ್ತಿದರು.

ದಂಡೆ ಒಡೆದಿದ್ದ ಎರಡು ಕಡೆಗಳಲ್ಲಿ ಒಂದನ್ನು ಮುಚ್ಚಲಾಗಿದೆ. ಇನ್ನೊಂದು ಸಮಿತಿ ಬಿಟ್ಟು ಹೋದವರ ಜಮೀನಿನ ಪಕ್ಕದ್ದು, ಅವರೊಂದಿಗೆ ಮಾತುಕತೆ ಮುಂದುವರಿದಿದೆ. ಖಾಲಿಯಾದ ಎರಡು ಸ್ಥಾನಗಳಿಗೆ ನಾಟಿ ಗುಂಪಿನ ಇಬ್ಬರು ಹೆಂಗಸರನ್ನು ಕರೆದಾಗ ಅವರು ಎರಡು ಷರತ್ತು ಹಾಕಿದರು: ಸಭೆ ಹಗಲಿನಲ್ಲಿ ಇಡಬಾರದು, ತಾಲ್ಲೂಕು ಕಚೇರಿಗೆ ಹೋಗಬೇಕಾದ ದಿನ ಸಮಿತಿಯ ಚಂದಾ ಹಣದಿಂದ ಕೂಲಿ ತುಂಬಿಕೊಡಬೇಕು. ರಾತ್ರಿ ಸಭೆಗೆ ಎಲ್ಲರೂ ಒಪ್ಪಿದರು. ಕೂಲಿ ತುಂಬಿಕೊಡುವ ಮಾತಿಗೆ ಸಮಿತಿಯಲ್ಲಿ ಇನ್ನೂ ಎರಡು ಅಭಿಪ್ರಾಯಗಳಿವೆ. ಸೇವೆಗೆ ದುಡ್ಡೇ ಎಂದು ಕೇಳುವವರಿದ್ದಾರೆ. ಮೇಷ್ಟ್ರು ಹೆಂಗಸರ ಪರವಾಗಿದ್ದಾರೆ, ನಾನೂ. ತೀರ್ಮಾನವಾಗುವವರೆಗೆ ಆ ಎರಡು ಸ್ಥಾನಗಳನ್ನು ಬೇರೆ ಯಾರಿಗೂ ಕೊಡದೆ ಇಟ್ಟಿದ್ದಾರೆ.